ಸೇರಿಸಬಾರದು, ಬಿಡಬಾರದು

ನ್ಯೂ ಬೆಡ್‌ಫರ್ಡ್, ಫೆಬ್ರವರಿ. ಬಂದರಿನ ನೀರು ಸೀಸದ ಬಣ್ಣ.
ಮೂರನೇ ಮಹಡಿಯಲ್ಲಿ ಎರಡು ಕೋಣೆ, ನಡುವೆ ಓಣಿ,
ಓಣಿಯಲ್ಲಿ ಕೆಟ್ಟುನಿಂತ ಕಾಫಿ ಯಂತ್ರ.
ಈ ಕೋಣೆಯಲ್ಲಿ ಕಾಂದೆಲಾರಿಯಾ ಇಶ್ಕೊಯ್, ಅವಳ ವಕೀಲ, ನಾನು.
ಆ ಕೋಣೆಯಲ್ಲಿ ಮೀನು ಕಂಪನಿ, ಅದರ ವಿಮೆ, ವಿಮೆಯ ಹ್ಯಾಲೊರನ್.
ಗ್ವಾಟೆಮಾಲದ ಗುಡ್ಡದವರು ನಾವಿಬ್ಬರೂ, ಕಿಚೆ ಮಾತಿನವರು.
ನಾನು ದುಭಾಷಿ. ನಿಯಮ ಒಂದೇ:
ಸೇರಿಸಬಾರದು, ಬಿಡಬಾರದು.

ಸಂಧಾನಕ್ಕೆ ಕೂತವಳು ಮಿಸ್ ಫುರ್ತಾಡೊ. ಕೂತದ್ದೇ ಕಾಣೆ;
ರಬ್ಬರ್ ಅಟ್ಟೆಯ ಬೂಟಲ್ಲಿ ಓಣಿ ಅಳೆಯುತ್ತಾಳೆ.
ಹೋಗುವಾಗ ಒಂದು ಅಂಕಿ, ಬರುವಾಗ ಇನ್ನೊಂದು,
ಹಳದಿ ಚೀಟಿ, ನಾಲ್ಕಾಗಿ ಮಡಚಿದ್ದು.
ನಾನು ಯಾರ ಕಡೆಯೂ ಅಲ್ಲ, ಅಂದಿದ್ದಳು ಮೊದಲಿಗೇ.
ಪಾಪ, ಅವಳಿಗೆ ಯಾರೂ ಇಲ್ಲವೇ? ಕಾಂದೆಲಾರಿಯಾ ಕೇಳಿದಳು.
ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.
ಬಿಡಬಾರದಲ್ಲ.

ಮೇಜಿನ ಮೇಲೊಂದು ಪಟ್ಟಿ:
ಹೆಬ್ಬೆರಳಿಗೆ ಇಷ್ಟು ವಾರ, ತೋರುಬೆರಳಿಗೆ ಇಷ್ಟು, ಕೊನೆಯದಕ್ಕೆ ಚಿಲ್ಲರೆ.
ಐದು ಬೆರಳೂ ಸಮವಲ್ಲ ಅನ್ನುವುದು
ಸರ್ಕಾರಕ್ಕೂ ಗೊತ್ತು.
ಅವಳದು ಉಂಗುರದ್ದು, ಕಿರಿದು. ಎಡಗೈ.
ಚರ್ಮ ಸುಲಿಯುವ ಯಂತ್ರ, ರಾತ್ರಿ ಪಾಳಿ, ಕಾಡ್ ಮೀನು.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ; ಇಲ್ಲಿ ಬೇಕು:
ಕಂಪನಿಯ ವೈದ್ಯರದೊಂದು, ನಮ್ಮವರದೊಂದು,
ಅವೆರಡೂ ಜಗಳವಾಡಿದ ಮೇಲೆ ತರಿಸಿದ ಮೂರನೆಯದೊಂದು.
ನೋವು ಒಂದರಿಂದ ಹತ್ತರೊಳಗೆ ಎಷ್ಟು?
ಯಾವುದರದು, ಎಂದಳು. ಇರುವ ಬೆರಳಿನದೋ, ಇಲ್ಲದ್ದರದೋ?
ವಕೀಲ ಏಳು ಅಂತ ಬರೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಹತ್ತಿರ ಬಂದವು,
ಸಂತೆ ಮುಗಿಯುವಾಗ ಬರುವ ಹಾಗೆ.
ಐದನೇ ಚೀಟಿಯ ಜೊತೆ ಒಂದು ವಾಕ್ಯವೂ ಬಂತು:
ಕಾಪು ತಗಡು ತೆಗೆದದ್ದು ಕೆಲಸದವಳೇ.
ಒಂದು ಸಹಿ, ಅಷ್ಟೇ, ಎಂದಳು ಫುರ್ತಾಡೊ, ನೆಲ ನೋಡುತ್ತ.
ಕಾಂದೆಲಾರಿಯಾ ಚೀಟಿಯನ್ನು ಅದೇ ಗೆರೆಗಳಲ್ಲಿ
ಮತ್ತೆ ನಾಲ್ಕಾಗಿ ಮಡಚಿ ಹಿಂದಕ್ಕೆ ಸರಿಸಿದಳು.
ಬೇಕಾದರೆ ದುಡ್ಡು ಕಡಿಮೆ ಮಾಡಲಿ. ಆ ತಗಡು
ನಾನು ಸೇರಿದ ದಿನವೇ ಮೊಳೆಯಲ್ಲಿ ನೇತಾಡುತ್ತಿತ್ತು.
ಓಣಿಯಲ್ಲಿ ಬೂಟಿನ ಸದ್ದು
ಆಮೇಲೆ ಕೇಳಲಿಲ್ಲ.

ಏಪ್ರಿಲ್ ಕೊನೆಗೆ ವಿಚಾರಣೆ. ಈಗ ಕೋಣೆ ಒಂದೇ,
ಎರಡು ಕಡೆಯವರೂ ಅದೇ ಗಾಳಿ ಉಸಿರಾಡಬೇಕು.
ಪ್ರಮಾಣಕ್ಕೆ ಅವಳು ಎಡಗೈ ಎತ್ತಿದಳು.
ಬಲಗೈ, ಎಂದರು ನ್ಯಾಯಾಧೀಶೆ. ಬಲಗೈ, ಎಂದೆ ನಾನು.
ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಪಾಳಿ ಮೇಸ್ತ್ರಿ ಅರೂಡ, ಮಡಿಲಲ್ಲಿ ಟೊಪ್ಪಿ ತಿರುವುತ್ತ:
ತಗಡು ಯಂತ್ರದ ಮೇಲಿತ್ತು.
ಯಾವಾಗ?
ತಪಾಸಣೆಯ ದಿನ.
ಬೇರೆ ದಿನ?
ಟೊಪ್ಪಿ ನಿಂತಿತು. ಮೊಳೆಯಲ್ಲಿ. ಅದಿಲ್ಲದಿದ್ದರೆ
ಗಂಟೆಗೆ ನಲವತ್ತು ಮೀನು ಜಾಸ್ತಿ.
ಹ್ಯಾಲೊರನ್ ಏನೋ ಬರೆಯತೊಡಗಿದ, ಬರೆಯುತ್ತಲೇ ಇದ್ದ.

ಕೊನೆಗೆ ನ್ಯಾಯಾಧೀಶೆ: ದಾಖಲೆಗಾಗಿ ಹೇಳಿ, ಈಗ ಎಷ್ಟು ಬೆರಳಿವೆ?
ಹದಿನೆಂಟು, ಎಂದಳು.
ನಮ್ಮ ಎಣಿಕೆಯಲ್ಲಿ ಇಪ್ಪತ್ತಕ್ಕಿರುವ ಪದ
ಒಬ್ಬ ಮನುಷ್ಯ.
ಕೈಯಿಂದ ಕಾಲಿಗಿಳಿದು ಎಣಿಸಿ ಮುಗಿದರೆ ಒಬ್ಬರು ಪೂರ್ತಿ.
ಇದನ್ನು ಹೇಳಿದರೆ ಸೇರಿಸಿದಂತೆ.
ಹೇಳದಿದ್ದರೆ ಬಿಟ್ಟಂತೆ.
ಹದಿನೆಂಟು, ಎಂದೆ ಇಂಗ್ಲಿಷಿನಲ್ಲಿ.
ಬೆರಳಚ್ಚಿನವಳು ತಲೆಯೆತ್ತಿದಳು.
ಎಂಟು ಅಂತ ಹಾಕಿಕೊಳ್ಳಿ, ಎಂದರು ನ್ಯಾಯಾಧೀಶೆ, ತುಸು ತಡೆದು.

ಜೂನಿನಲ್ಲಿ ಲಕೋಟೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ,
ಯಂತ್ರಗಳ ಗುಡುಗಿನ ನಡುವೆ, ಕೂಗಿ ಓದಿ ಹೇಳಿದೆ:
ತಪ್ಪು ನಿನ್ನದಲ್ಲವಂತೆ. ಇಷ್ಟು ವಾರ.
ವಾರಗಳನ್ನವಳು ಮಡಚಿ ಮಡಚಿ ಎಣಿಸಿದಳು.
ಎಂಟಕ್ಕೆ ಕೈ ಮುಗಿಯಿತು.
ಚಪ್ಪಲಿಯೊಳಗೆ ಹದಿನೆಂಟರವರೆಗೆ ಹೋದಳು.
ಆಮೇಲೆ, ಕೇಳದೆಯೇ, ನನ್ನ ಎಡಗೈ ಎಳೆದುಕೊಂಡು
ಎರಡು ಬೆರಳು ಮಡಚಿ
ಮತ್ತೆ ಒಂದರಿಂದ ಶುರು ಮಾಡಿದಳು.